ಎರಡನೇ ಸಲ ಬಿಟ್ಟ ಹಗ್ಗ

ದನಿ ಸಣ್ಣ ಮಾಡ್ರಿ. ಇದು ಕಟ್ಟಿ ಹೇಳೂ ಕತಿ ಅಲ್ಲ, ನಮ್ಮ ಕಾಕಾನ ಮಗ ಸಿಕಂದರಗ ಆಗಿದ್ದು. ನಗೂದಿದ್ರ ಈಗ ನಕ್ಕಬಿಡ್ರಿ, ಆಮ್ಯಾಲ ನಗು ಬರೂದಿಲ್ಲ.

ಎಪ್ಪತ್ನಾಕರ ಬ್ಯಾಸಗಿ. ಸಿಕಂದರ, ಅವನ ಗೆಳ್ಯಾ ಬಾಬು ಬಿಜಾಪುರದ ಗಾಂಧಿ ಚೌಕದಾಗ ಹೊಸಾ ಹಗ್ಗ ತಗೊಂಡು, ಕಡೀ ಬಸ್ಸಿಗೆ ಬಬಲೇಶ್ವರದಾಗ ಇಳದ್ರು. ಅಲ್ಲಿಂದ ಜೈನಾಪುರಕ್ಕ ನಡಕೋತ ಹೊಂಟ್ರು. ಅಮಾಸಿ ಕತ್ತಲ. ಕೈಯಾಗ ಒಂದ ಕಂದೀಲ.

ದಾರ್ಯಾಗ ಆಲದಮರ, ಅದರ ಬುಡಕ್ಕ ಹಾಳಬಾವಿ. ಅದರ ಹೆಸರ ತಗದ್ರ ಊರವ್ರು ಮಾತ ಬದಲಿ ಮಾಡ್ತಿದ್ರು. ಹಿಂದಿನ ವರ್ಷ ದಾನೇಲಪ್ಪ ಸತ್ತಿದ್ದು ಅಲ್ಲೇ.

ದಾನೇಲಪ್ಪ ತಿಕೋಟಾದ ಕಡಿಯಾಂವ, ಕ್ರಿಶ್ಚನ್ನರಾಂವ. ಕೊರಳಾಗ ಕರೀ ದಾರ, ಕಟಗಿ ಶಿಲುಬಿ. ಬಾವಿ ಹೂಳ ತಗಿಯೂದು ಅವನ ಕೆಲಸ. ಅದಕ್ಕೊಂದ ಪದ್ಧತಿ ಐತಿ. ಮೊದಲ ಹಗ್ಗಕ್ಕ ಕಂದೀಲ ಕಟ್ಟಿ ಇಳಿಬಿಡಬೇಕು. ದೀಪ ಉರದ್ರ ಇಳೀಬೇಕು. ಆರಿದ್ರ ತಳದಾಗ ಕೆಟ್ಟ ಗಾಳಿ ಐತಿ ಅಂತ ತಿಳೀಬೇಕು. ಅವತ್ತ ಜೋಡೀದಾಂವ ಶಂಕ್ರೆಪ್ಪ ಅವಸರ ಮಾಡಿ ದೀಪ ಬಿಡದನ ಇಳದ... ಅಲ್ಲೇ ಬಿದ್ದ. ಆಮ್ಯಾಲ ದೀಪ ಬಿಟ್ರು. ಆರಿತು.

ಮಂದಿ ಎಲ್ಲಾ ಹಿಂದ ಸರದ್ರು. ದಾನೇಲಪ್ಪ ಒಬ್ಬನ ಮುಂದ ಬಂದು, ನೀರಾಗ ಅದ್ದಿದ ಅರಬಿ ಮೂಗಿಗೆ ಕಟಗೊಂಡ.

"ಬ್ಯಾಡೋ ಯಪ್ಪಾ, ದೀಪ ಆರೇತಿ!" ಅಂತ ಮಂದಿ ಒದರಿದ್ರು.

"ನನ್ನ ಸಲುವಾಗಿ ನಮ್ಮ ಸ್ವಾಮಿ ಇದಕ್ಕಿಂತ ಆಳಕ್ಕ ಇಳದಾನ. ಹಗ್ಗ ಗಟ್ಟಿ ಹಿಡೀರಿ" ಅಂದು, ಕೊರಳಿನ ಶಿಲುಬಿ ಮುಟಗೊಂಡು ಇಳದಬಿಟ್ಟ.

ತನ್ನ ನಡದ ಹಗ್ಗ ಬಿಚ್ಚಿ ಶಂಕ್ರೆಪ್ಪಗ ಕಟ್ಟಿ, ಎರಡ ಸಲ ಜಗ್ಗಿದ. ಶಂಕ್ರೆಪ್ಪ ಮ್ಯಾಲ ಬಂದ. ಮಂದಿ ಅವನ ಸುತ್ತ ಮುಗಿಬಿದ್ರು. ನೀರ ಹಾಕವ್ರು, ಗಾಳಿ ಬೀಸವ್ರು... ಹಗ್ಗ ತಿರುಗಿ ಬಿಡೂದ ಮರತಬಿಟ್ರು. ನೆನಪಾಗೂದ್ರಾಗ ತಡಾ ಆಗಿತ್ತು, ಬಾವ್ಯಾಗಿಂದ ಬರೂ ಅವನ ಕೆಮ್ಮು ನಿಂತಿತ್ತು. ನನಗ ಈಗೂ ಸಿಟ್ಟ ಬರತೈತಿ.

ಇರಲಿ. ಆ ಅಮಾಸಿ ರಾತ್ರಿ ಬಾಬುನ ಚಪ್ಪಲ್ಯಾಗ ಸಣ್ಣ ಕಲ್ಲ ಸಿಕ್ಕಿತು. ಅದನ್ನ ತಗ್ಯಾಕ ಬಾವಿ ದಂಡಿ ಮ್ಯಾಲ ಕುಂತ.

"ಅಲ್ಲಿ ಬ್ಯಾಡ ಲೇ..." ಅಂದ ಸಿಕಂದರ, ಪಿಸಿಪಿಸಿ.

ಸರ್ರ್... ಕಲ್ಲ ಜಾರಿತು. ದಬಕ್. ಕೆಸರಿನ ಸಪ್ಪಳ. ಆಮ್ಯಾಲ ಏನೂ ಇಲ್ಲ.

"ಬಾಬು... ಲೇ ಬಾಬು..."

ಸಿಕಂದರ ಹೊಸಾ ಹಗ್ಗಕ್ಕ ಕಂದೀಲ ಕಟ್ಟಿ ಇಳಿಬಿಟ್ಟ. ದೀಪ ಸಣ್ಣದಾತು... ನೀಲಿ ಆತು... ಆರಿತು. ಹೌಹಾರಿ ಕಂದೀಲ ಮ್ಯಾಲ ಎಳಕೊಂಡ. ಊರು ದೂರ, ಹೋಗಿ ಬರೂದ್ರಾಗ ಬಾಬು ಉಳಿಯೂದಿಲ್ಲ. ಯಾ ಅಲ್ಲಾ ಅಂತ ಹಗ್ಗದ ಒಂದ ತುದಿ ಆಲದ ಬೇರಿಗೆ ಬಿಗದು, ಇನ್ನೊಂದ ತುದಿ ತನ್ನ ನಡಕ್ಕ ಸುತ್ತಕೊಳ್ಳಾಕತ್ತ.

ಆಗ ಬೆನ್ನ ಹಿಂದ... ಖೊಕ್. ಖೊಕ್. ಒಣಾ ಕೆಮ್ಮು.

"ನೀ ಇಳೀಬ್ಯಾಡ ತಮ್ಮಾ. ಹಗ್ಗ ಇಲ್ಲಿ ಕೊಡು."

ಮೂಗಿಗೆ ಒದ್ದಿ ಅರಬಿ. ಅದರಿಂದ ಟಪ್... ಟಪ್... ನೀರ ಬೀಳೂ ಸಪ್ಪಳ. ಚುಕ್ಕಿ ಬೆಳಕಿನಾಗ ಕೊರಳಿನ ಶಿಲುಬಿ ಕಂಡಿತು. ಆ ಕೈ ಹಗ್ಗ ತಗೊಂಡ ಹೋತು. ಹಗ್ಗ ಸರಸರ ಇಳೀತು.

ಜಗ್... ಜಗ್. ಎರಡ ಸಲ.

ಸಿಕಂದರ ಬೇರಿಗೆ ಕಾಲ ಕೊಟ್ಟು ಎಳದ. ಬಾಬು ಬಂದ. ಉಸರ ಇತ್ತು! ನಡಕ್ಕ ಹಗ್ಗ, ಬಿಗಿಯಾದ ಕುಣಿಕಿ. ಸಿಕಂದರ ಅವನ್ನ ಬಿಚ್ಚಿ ಬಯಲಾಗ ಮಲಗಿಸಿದ. ಇನ್ನ ಓಡಬೇಕು...

ಬಾವ್ಯಾಗ ಮತ್ತ ಕೆಮ್ಮು. ಖೊಕ್. ಖೊಕ್.

ಸತ್ತಾಂವ ಅಂವ. ಹಗ್ಗ ಬಿಟ್ರ ಮ್ಯಾಲ ಬರೂದು ಏನು? ಆದ್ರ ಅಂದಿನ ಮಂದಿ ಮರತದ್ದು ಸಿಕಂದರನ ತಲ್ಯಾಗ ಕುಂತಬಿಟ್ಟಿತ್ತು. ಅಳಕೋತನ ಬಾವಿ ದಂಡಿಗೆ ಹೋದ. ಕುಣಿಕಿ ಹಾಕಿ ಹಗ್ಗ ಇಳಿಬಿಟ್ಟ.

"ಹಿಡ್ಕೋ ದಾನೇಲಪ್ಪ ಕಾಕಾ..."

ಬಾಳೊತ್ತ ಏನೂ ಇಲ್ಲ... ಆಮ್ಯಾಲ ಜಗ್. ಜಗ್.

ಕಣ್ಣ ಮುಚ್ಚಿ ಎಳದ. ಭಾರ. ಆಳಿನ ಭಾರ. ಟಪ್... ಟಪ್... ಸಪ್ಪಳ ಸಮೀಪ ಬಂತು. ದಂಡಿಗೆ ಬಂದಾಗ ಯಾರೋ ಉದ್ದಕ ಉಸರ ಬಿಟ್ಟಂಗ ಆತು, ಹಗ್ಗ ಹಗುರ ಆತು. ಕಣ್ಣ ತಗದು ನೋಡಿದ್ರ ಬರೇ ಕುಣಿಕಿ.

ಬಾಬು ಇನ್ನೂ ಅದಾನ, ಬೇಕಾದ್ರ ಹೋಗಿ ಕೇಳ್ರಿ. ತನಗ ಹಗ್ಗ ಕಟ್ಟಿದಾಂವ ಯಾರಂತ ಅವಗೂ ಗೊತ್ತಿಲ್ಲ. ಬಾವ್ಯಾಗ ಮತ್ತ ಯಾರೂ ಕೆಮ್ಮು ಕೇಳಿಲ್ಲ. ನಂಬೂದು ಬಿಡೂದು ನಿಮಗ ಬಿಟ್ಟದ್ದು. ಮುಂಜಾನಿ ಸಿಕಂದರ ಆ ಹಗ್ಗ ನಮ್ಮ ಕಟ್ಟಿ ಮ್ಯಾಲ ತಂದ ಹಾಕಿದಾಗ ನಾನ ಮುಟ್ಟಿ ನೋಡೀನಿ. ಹಗ್ಗೆಲ್ಲಾ ತಣ್ಣಗಿತ್ತು. ಕುಣಿಕಿ ಅಷ್ಟ... ಬೆಚ್ಚಗಿತ್ತು.