ದೇವಕ್ಕನ ಕೈಗೆ ಜೇನುಹುಳ ಕಚ್ಚಿದ್ದು

೧೯೭೯ರ ಚಳಿಗಾಲ. ಮುಂಬಯಿಯ ಘಾಟ್ಕೋಪರಿನಲ್ಲಿ ಆಸ್ಪತ್ರೆಯೊಂದರ ಎದುರಿನ ಬಸ್ ಕ್ಯೂನಲ್ಲಿ ನನ್ನ ಮುಂದೆ ವಿಜಾಪುರದ ಕಡೆಯ ಹೆಂಗಸೊಬ್ಬಳು ನಿಂತಿದ್ದಳು. ಅವಳ ತಂಗಿ ಓಡಿಬಂದು ಕೈ ಹಿಡಿದಳು.

“ಅಕ್ಕಾ, ಡಾಕ್ಟರ್ ಏನಂದ್ರು?”

“ಗೆದ್ದಿ ದೇವಕ್ಕಾ ಅಂದ್ರು, ಮಲ್ಲವ್ವ.”

“ಬಿಡಿಸಿ ಹೇಳವಾ.”

“ವರ್ಷದಿಂದ ಜೇನುಹುಳದ ವಿಷಾನ ಹನಿಹನಿ ಚುಚ್ಚಿದ್ರಲ್ಲ, ಅದಕ್ಕ ರಕ್ತದಾಗ ವಿಷ ತಡಿಯೋ ಆಂಟಿಬಾಡಿ ಬೆಳದಾವಂತ. ಮೊದಲಿಗಿಂತ ಹತ್ತು ಪಟ್ಟು.”

“ಬರೇ ರಿಪೋರ್ಟ್ ನೋಡಿ ಹೇಳಿದ್ರ?”

“ಇಲ್ಲವಾ. ಇವತ್ತ ಜೀವಂತ ಹುಳಾನ ಕೈಗೆ ಕಚ್ಚಿಸಿದ್ರು.”

“ಅಯ್ಯ ಶಿವನೇ! ಆವಾಗ ಒಂದು ಹುಳ ಕಚ್ಚಿದ್ದಕ್ಕ ಉಸಿರು ಕಟ್ಟಿ ಬಿದ್ದಿದ್ದಿ!”

“ಡಾಕ್ಟರ್ ಔಷಧ, ಸೂಜಿ ಹಿಡಕೊಂಡು ಪಕ್ಕದಾಗ ಕುಂತಿದ್ರು. ಎರಡು ತಾಸು ಕಾದ್ವಿ. ನೋಡಿಲ್ಲೆ, ಇಷ್ಟ ಬಾವು.”

ಮಲ್ಲವ್ವ ಆ ಕೈಯನ್ನು ಕಣ್ಣಿಗೊತ್ತಿಕೊಂಡಳು.

“ಹಂಗಾರ ಹುಳಕ್ಕ ಹೆದರದ ಮತ್ತ ಹೂವು ಮಾರಬಹುದಾ?”

“ತಿಂಗಳಿಗೊಂದು ಸೂಜಿ ಬಿಡಬ್ಯಾಡ, ಹೋಗು ಅಂದ್ರು.”

“ನನ್ನ ಕೈಯಾಗ ಒಂದು ಹೂಮಾಲಿನೂ ನೆಟ್ಟಗ ಬರಲಿಲ್ಲವಾ. ಗಿರಾಕಿ ಎಲ್ಲಾ ನಿನ್ನ ಕೇಳತಾರ. ನಾಳೆ ಬರತೀಯೇನು?”

“ನಾಳೆ ತನಕ ಯಾರು ಕಾಯತಾರ? ಬಸ್ ಬಂತು, ಹತ್ತು!”

ಬಸ್ಸು ಹೊರಟ ಮೇಲೂ ದೇವಕ್ಕ ಕಂಡಕ್ಟರನಿಗೆ ಹಿಂದಿಯಲ್ಲಿ ಕೂಗಿ ಹೇಳಿದ್ದು ಕೇಳಿಸಿತು: “ಫೂಲ್ ಮಾರ್ಕೆಟ್, ದೋ ಟಿಕೆಟ್!”