ಗಿರಣಿ ಹುಡುಗರಿಗೆ ಬಾಪುಸಾಹೇಬರ ಊಟ

ಹಲೋ... ಹಲೋ, ಯಾರ್ರಿ ಮಾತಾಡೂದು?...

ಯಾರು?... ಅಯ್ಯ, ಬಾಪೂ! 'ಬಾಪುಸಾಹೇಬ ಮಾತನಾಡುತ್ತಿದ್ದೇನೆ' ಅಂದ್ರ ನಾ ಯಾರೋ ಮಾಮಲೇದಾರ ಅನ್ಕೊಂಡೆ. ನಾನೋ, ನಿಮ್ಮಕ್ಕ ಜಿನ್ನವ್ವ. ಅಂಗಡ್ಯಾಗ ಯಾರೂ ಇಲ್ಲ, ಈ ಡಬ್ಬಿ ಒಂದ ಸವನ ಬಡಕೊಳ್ಳಾಕತ್ತಿತ್ತು, ಎತ್ತೇನಿ...

ಹಾಂ, ಬೆಳಗಾವಿಂದ ಕಳಿಸಿದ ಹ್ಯಾಂಡಬಿಲ್ಲು ಮುಟ್ಯಾವ. 'ಯುವಕರ ಆಶಾಕಿರಣ'! ಆ ಫೋಟೋ ನಿನ್ನ ಲಗ್ನದ್ದಲ್ಲಾ? ಬಾಸಿಂಗ ಅಷ್ಟ ಅಳಸ್ಯಾರ. ಇರ್ಲಿ, ಆವಾಗ ನೀ ಖರೇನ ಯುವಕ ಇದ್ದಿ...

ನಿನ್ನಿ ಗಿರಣಿ ಹುಡುಗ್ರಿಗೆ ಇಟ್ಟ ಊಟಾ? ಭಾಳ ಚಂದ ಆತು. ಹೂರಣದ ಹೋಳಿಗಿ, ಕಟ್ಟಿನ ಸಾರು, ಮ್ಯಾಲ ತುಪ್ಪ. ಉಣ್ಣಾಕಷ್ಟ ಯಾರೂ ಬರಲಿಲ್ಲ...

ಯಾಕಂದ್ರ? ನೀನ ಹೇಳಿ ಹೋಗಿದ್ದಿಯಲ್ಲಾ, ಜೈನರ ಮನಿ ಐತಿ, ಹೊತ್ತ ಮುಳಗೂದ್ರಾಗ ಪಂಕ್ತಿ ಏಳಬೇಕು ಅಂತ. ಹೊತ್ತ ಮುಳಗಿತು. ಒಲಿ ಆರಿಸಿ, ಗಡಿಗಿ ತೊಳದು ಬೋರಲ ಹಾಕಿದ್ವಿ. ಗಿರಣಿ ಕೆಲಸಾ ಬಿಡೂ ಭೊಂಗಾ ಯಾವಾಗ ಆಗತೈತಿ ಹೇಳು ನೋಡೂಣು?... ಗೊತ್ತಿಲ್ಲಾ? ಇಡೀ ಊರಿಗೆ ಕೇಳಸ್ತೈತೋ ಅದು! ದೀಪಾ ಹಚ್ಚಿದ ಮ್ಯಾಲ ಆಗತೈತಿ...

ಬಂದ್ರು, ಆಮ್ಯಾಲ ಬಂದ್ರು. ಹಣಮಂತ ಮುಂದ, ಅವನ ಹಿಂದ ಪಕ್ಷಕ್ಕ ಹೊಸದಾಗಿ ಸೇರಿದ ಗಿರಣಿ ಹುಡುಗ್ರೆಲ್ಲಾ. ಮಾರಿ ತೊಳಕೊಂಡು, ತಲಿ ಬಾಚಕೊಂಡು ಬಂದಿದ್ರು. ಬೋರಲ ಗಡಿಗಿ ನೋಡಿದ್ರು, ನನ್ನ ಮಾರಿ ನೋಡಿದ್ರು...

ಉಳದದ್ದಾ? ಉಳದದ್ದು ಇಡಬ್ಯಾಡ, ದನಕ್ಕ ಹಾಕು ಅಂದಾವ್ರು ಯಾರು? ಹಾಕೇನಿ. ಎಮ್ಮಿ ಹೋಳಿಗಿ ತಿಂದು ಇನ್ನೂ ಮೆಲಕ ಹಾಕಾಕತ್ತೈತಿ. ಅದರ ಓಟು ನಿನಗ ಖಾತ್ರಿ, ಚಿಂತಿ ಬಿಡು...

ಧರ್ಮದ ಮಾತ ನನಗ ಹೇಳಬ್ಯಾಡ. ಹೊತ್ತ ಮುಳಗಿದ ಮ್ಯಾಲ ನಾನೂ ಉಣ್ಣೂದಿಲ್ಲ. ಹಂಗಂತ ಕರದಾವ್ರನ್ನ ಉಪಾಸ ಕಳಸೂದಾ? ಹಣಮಂತ ಏನಂದ ಗೊತ್ತೈತಿ? 'ಅಕ್ಕಾರ, ಸಾಹೇಬ್ರು ಯಾವಾಗ ಉಣ್ತಾರಂತ ನಮಗ ಗೊತ್ತೈತ್ರಿ. ನಾವ್ ಯಾವಾಗ ಉಣ್ತೀವಂತ ಅವರಿಗೆ ಗೊತ್ತಿಲ್ಲೇನ್ರಿ?' ನಾಚಿಕ್ಯಾಗಿ ಸತ್ತಹಂಗಾತು ನನಗ...

ಮತ್ತೆಲ್ಲಿ ಹೋಗ್ತಾರ? ನಿನ್ನ ಎದುರು ನಿಂತ ಕೌಜಲಗಿ ಉದ್ದಪ್ಪನ ಬಿಡಾರಕ್ಕ ಹೋದ್ರು. ರೊಟ್ಟಿ, ಕೆಂಪ ಚಟ್ನಿ, ಉಳ್ಳಾಗಡ್ಡಿ ಕೊಟ್ಟನಂತ. ಅವನೇನ ದೊಡ್ಡ ಪುಣ್ಯಾತ್ಮ ಅಲ್ಲ, ಅವನೂ 'ಯುವಕರೇ' ಅಂತನ ಭಾಷಣಾ ಸುರು ಮಾಡಾಂವ. ಆದ್ರ ಭೊಂಗಾ ಆದಾಗ ಗಿರಣಿ ಬಾಗಲದಾಗ ನಿಂತಿದ್ದ...

ಹೌದಪಾ, ಗೊತ್ತೈತಿ, ಇವತ್ತ ರಾತ್ರಿ ಪಕ್ಷದ ಸಭಾ. ಮೆಂಬರು ಕೈ ಎತ್ತಿ ಯಾರನ್ನ ಆರಸ್ತಾರೋ ಅಂವಾ ಮುಂಬೈ ಅಸೆಂಬ್ಲಿಗೆ ನಿಲ್ಲಾಂವ. ನೀ, ಇಲ್ಲಾ ಉದ್ದಪ್ಪ. ಹಿರ್ಯಾರು ಅರ್ಧಕ್ಕರ್ಧ ಹರದು ಹಂಚಿ ಹೋಗ್ಯಾರ. ಇನ್ನ ಆ ಹುಡುಗ್ರ ಕೈ ಎತ್ತಾಗ ಏಳ್ತಾವೋ ಅವನ ಗೆದ್ದ. ಹೌದಿಲ್ಲೋ?...

ಬೈಯೂದ ಆಮ್ಯಾಲ ಬೈ, ಮೊದಲ ಕೇಳು. ಮುಂಜಾನೆದ್ದು ನಾನ ಗಿರಣಿ ಬಾಗಲಕ್ಕ ಹೋಗಿ ಹಣಮಂತಗ ಕೈಮುಗದು ಬಂದೇನಿ... ಹೌದೋ, ನಾನ, ಸೆರಗ ಹೊತಗೊಂಡು. ಅಂವಾ ಅಂದ, 'ಊಟಾ ಬ್ಯಾಡ್ರಿ. ಇವತ್ತ ಭೊಂಗಾ ಆದಾಗ ಸಾಹೇಬ್ರು ಬಂದು ಇಲ್ಲಿ ನಿಂತು ನಮ್ಮದೊಂದ ಎರಡ ಮಾತ ಕೇಳಲಿ. ಕೈ ಎತ್ತತೀವಿ'. ಅಷ್ಟ, ತಮ್ಮಾ. ಮಧ್ಯಾಹ್ನದ ಮೋಟಾರ ಹಿಡದ್ರ ಮುಟ್ತಿ...

ಏನು?... ಇನ್ನೊಮ್ಮಿ ಹೇಳು... ಮೋಟಾರದಾಗ ಕುಂತ್ರ ಹೊತ್ತ ಮುಳಗೂದ್ರಾಗಿನ ಊಟಾ ತಪ್ಪತೈತಾ? ಉಂಡು ಸೀದಾ ರಾತ್ರಿ ಸಭಾಕ್ಕ ಬರ್ತಿ?...

ಅಲ್ಲೋ, ದಶಲಕ್ಷಣ ಪರ್ವದಾಗ ದಿನಗಟ್ಲೆ ಉಪಾಸ ಮಾಡಿ, ಮೆರವಣಿಗಿ ಮಾಡ್ಸಕೊಂಡಾಂವ ನೀ. ಒಂದ ಸಂಜಿ ಹೊಟ್ಟಿ ತಡಿಯೂದಿಲ್ಲಾ?... ನಿನ್ನ ಬದಲಿ ಇನ್ನಷ್ಟು ಹ್ಯಾಂಡಬಿಲ್ಲ ಕಳಸ್ತಿ? ಕಳಸು, ಕಳಸು, ಒಲಿ ಹಚ್ಚಾಕ ಬರ್ತಾವ...

ಮನಿ ಮಂದಿ ಕೈ ಹೆಂಗೂ ಅದಾವ ಅಂತಿ... ಹಾಂ, ನನ್ನೂ ಮೆಂಬರ್ ಮಾಡ್ಸೀದಿ. ನೀ ಗೆಲ್ಲಬೇಕಂತ ನನಗಿದ್ದಷ್ಟು ಆಸೆ ಈ ಊರಾಗ ಯಾರಿಗೂ ಇರಲಿಲ್ಲೋ ಬಾಪೂ. ಆದ್ರ ಆ ಹಸದ ಹುಡುಗ್ರು 'ಇರ್ಲಿ ಬಿಡ್ರಿ ಅಕ್ಕಾರ' ಅಂತ ತಿರಿಗಿ ಹೋದದ್ದು ನೀ ನೋಡಿಲ್ಲ. ನಾ ನೋಡೇನಿ...

ಲೈನ ಜೋಡಸಾಂವ ಯಾರೋ ನಡುವ 'ಟೈಮ ಆತು' ಅನ್ನಾಕತ್ತಾನ. ಗಿರಣಿ ಬಾಗಲಕ್ಕ ಬರ್ತಿಯೋ ಇಲ್ಲೋ, ಅಷ್ಟ ಹೇಳು... ಇಲ್ಲಾ?...

ಹಂಗಾದ್ರ ಕೇಳಕೋ. ರಾತ್ರಿ ಸಭಾದಾಗ, ಎಲ್ಲಾರ ಮುಂದ, ನಿನ್ನ ಅಕ್ಕನ ಕೈ ಉದ್ದಪ್ಪನ ಹೆಸರಿಗೆ ಏಳ್ತೈತಿ...

ಹಲೋ?... ಬಾಪೂ, ಕೇಳಸ್ತೇನೋ?... ಹಲೋ...