ಜಡೆ ಅಳೆದವನಿಗೆ ಮಣ್ಣು

"ಹಲೋ... ಹಲೋ! ಯಾರು ಮಾತಾಡೋದು? ಕಾಲೇಜಿನ ಆಫೀಸೇನ್ರಿ?... ಹಾಂ, ನಾನು ಸಿರುಗುಪ್ಪದಿಂದ ಚನ್ನವೀರಮ್ಮ. ನಿಮ್ಮ ಗುಮಾಸ್ತ ಕೊಟ್ಟೂರಪ್ಪನ ಅಕ್ಕ. ಅಂವನ್ನ ಕರೀರಿ... ಊಟಕ್ಕ ಕುಂತಾನಾ? ಕೈ ತೊಳಕೊಂಡು ಬಾ ಅನ್ರಿ. ಟ್ರಂಕ್ ಕಾಲ್ ಐತಿ, ಮೂರು ನಿಮಿಷಕ್ಕ ಕತ್ತರಿಸ್ತಾರ!"

ಅದು 1951ರ ಜೂನ್ ಮೊದಲ ವಾರ. ಸಿರುಗುಪ್ಪದ ಹತ್ತಿ ಕಾರ್ಖಾನೆಯ ಆಫೀಸಿನಲ್ಲಿ ಒಂದು ಫೋನಿತ್ತು, ಚನ್ನವೀರಮ್ಮನ ಗಂಡ ಅಲ್ಲಿ ಮೇಲ್ವಿಚಾರಕ. ಬೇರೆಯವರ ಕುರ್ಚಿಯ ಮೇಲೆ ಕೂರುವುದು ಅವಳ ಜಾಯಮಾನವಲ್ಲ, ನಿಂತೇ ಮಾತಾಡುತ್ತಿದ್ದಳು. ಅವಳ ದನಿ ಕೇಳಿದರೆ ಬಳ್ಳಾರಿಗೆ ತಂತಿ ಎಳೆದದ್ದೇ ದಂಡ ಎನಿಸುತ್ತಿತ್ತು.

"ಯಾರು, ಕೊಟ್ಟೂರಾ?... ಹಾಂ, ನಾನೇ. ಎಲ್ಲಾರೂ ಆರಾಮ ಅದೀವಿ, ಅದನ್ನ ಕೇಳಕೊಂತ ಹೊತ್ತು ಕಳೀಬ್ಯಾಡ. ಮರಿಬಸನ ಅರ್ಜಿ ಕೊಟ್ಟಿಯಾ?... ನಾಳೆ ಕಡೀ ದಿನ, ಇನ್ನೂ ಕೊಟ್ಟಿಲ್ಲಾ?... ಫುಟ್‌ಬಾಲ್ ಆಡ್ತಾನ ಅಂತ ಬರದೀಯಿಲ್ಲೋ? ದಪ್ಪ ಅಕ್ಷರದಾಗ ಬರಿ."

...

"ನಾನೇನು ಕೈಕಟ್ಟಿ ಕುಂತಿಲ್ಲಲೇ. ಪರೀಕ್ಷಿ ಮುಗಿದ ಮರುದಿನದಿಂದ ಹದಿನೈದು ದಿನ ಹೊಳಿ ಉಸುಕಿನ್ಯಾಗ ಓಡಿಸೀನಿ. ಆಮ್ಯಾಲ ತವರಿಗೆ ಕಳಿಸೀನಿ, ದಿನಾ ಎರಡು ಹೊತ್ತು ಕುರುಗೋಡಿನ ಗುಡ್ಡ ಹತ್ತಿ ಇಳಿ ಅಂತ. ಸಾಲಿನ್ಯಾಗ ಬರಿಗಾಲಿಲೆ ಆಡ್ದಾಂವ, ಕಾಲೇಜಿನ್ಯಾಗ ಬೂಟು ಬೇಕಲ್ಲಾ? ಹೊಲಿಸಿ ಕೊಟ್ಟೀನಿ. ಮಲಗೋ ಮುಂದೂ ಬಿಚ್ಚಬ್ಯಾಡ ಅಂದೀನಿ... ನಗಬ್ಯಾಡಲೇ! ದಸರಾಕ್ಕ ನಿಮ್ಮ ಕಾಲೇಜಿಗೂ ಊರ ತಂಡಕ್ಕೂ ಪಂದ್ಯ ಐತಲ್ಲ, ಊರಿನವರ ಗೋಲು ಕಾಯೋದು ಯಾರು?... ಹಾಂ. ಅಂವನೇ. ಆ ಚಿನ್ನಪ್ಪನೇ."

ಆ ಹೆಸರು ಎತ್ತಿದರೆ ಸಾಕು, ಬೇವಿನ ಕಷಾಯ ಕುಡಿದಂತೆ ಚನ್ನವೀರಮ್ಮನ ಮುಖ ಕಿವುಚಿಕೊಳ್ಳುತ್ತಿತ್ತು. ಚಿನ್ನಪ್ಪ ಬಳ್ಳಾರಿಯ ಒಂದು ಶಾಲೆಯ ಆಟದ ಮೇಷ್ಟ್ರು. ಹೋದ ಡಿಸೆಂಬರಿನಲ್ಲಿ ಐದಡಿಯೊಳಗಿನ ಹುಡುಗರ ಷೀಲ್ಡ್ ಪಂದ್ಯ ನಡೆದಾಗ ಎತ್ತರ ಅಳೆಯುವ ಕೋಲು ಅವನ ಕೈಯಲ್ಲಿತ್ತು. ಅವಳ ಮಗ ಮರಿಬಸಪ್ಪನದು ಕುರುಗೋಡು ಬಸವಣ್ಣನಿಗೆ ಹರಕೆ ಹೊತ್ತು ಬಿಟ್ಟ ಕೂದಲು. ಎಸ್ಸೆಸ್ಸೆಲ್ಸಿ ಪಾಸಾಗುವವರೆಗೆ ಅದಕ್ಕೆ ಕತ್ತರಿ ತಾಗಿಸುವಂತಿರಲಿಲ್ಲ. ಆಡುವಾಗ ಕಣ್ಣಿಗೆ ಬೀಳದಿರಲಿ ಎಂದು ಚನ್ನವೀರಮ್ಮನೇ ಜಡೆಯನ್ನು ಸುತ್ತಿ ನೆತ್ತಿಯ ಮೇಲೆ ಗಂಟು ಹಾಕಿ ಕಳಿಸಿದ್ದಳು. ಚಿನ್ನಪ್ಪ ಆ ಗಂಟಿನ ಮೇಲೇ ಹಲಗೆಯಿಟ್ಟ. ಒಂದಂಗುಲ ಹೆಚ್ಚು ಎಂದ. ಫೈನಲ್ ಪಂದ್ಯ, ಸಾವಿರ ಜನ ನೋಡುತ್ತಿದ್ದಂತೆ ಹುಡುಗನನ್ನು ಗೆರೆಯಾಚೆ ಕೂರಿಸಿದ. ಸಿರುಗುಪ್ಪ ಸೋತುಬಂತು, ಹುಡುಗ ಮೂರು ದಿನ ಚೆಂಡು ಮುಟ್ಟಲಿಲ್ಲ.

ಗಂಟು ಹಾಕಿದ ಕೈ ತನ್ನದೇ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಚಿನ್ನಪ್ಪನ ಮೇಲಿನ ಸಿಟ್ಟು ಎರಡು ಪಟ್ಟಾಗಿತ್ತು. ಅವತ್ತೇ ಹರಕೆ ಬದಲಿಸಿದಳು. ಪಾಸಾದರೆ ಸಾಲದು ಬಸವಣ್ಣಾ, ಚಿನ್ನಪ್ಪನಿಗೆ ಗೋಲು ಹೊಡೆದ ಮೇಲೆಯೇ ಈ ಮುಡಿ ನಿನಗೆ.

"ಮಂದಿ ಎದುರು ಅಂವ ಮಣ್ಣು ಮುಕ್ಕಬೇಕು, ಕೊಟ್ಟೂರಾ. ನಾನು ಮುಂದ ಕುಂತು ನೋಡಬೇಕು... ಹಲೋ? ಯಾಕ ಸುಮ್ನಾದಿ? ಲೈನು ಹೋತಾ?... ಮತ್ತ ಮಾತಾಡಲೇ!... ಕುರುಗೋಡಿನ್ಯಾಗ ಇಲ್ಲಾ? ಯಾರು ಇಲ್ಲ?... ಮರಿಬಸ ಇಲ್ಲಾ? ಮತ್ತ ಎಲ್ಲಿ ಹೋತು ನನ್ನ ಕೂಸು?... ನಿನ್ನ ಮನ್ಯಾಗ? ಎಂದಿನಿಂದ?... ನಲವತ್ತು ದಿನ! ಹೇಳಬ್ಯಾಡ ಮಾವ ಅಂದ್ನಾ, ನೀನೂ ಹೂಂ ಅಂದ್ಯಾ?"

...

"ಅಲ್ಲೇನು ಮಾಡ್ತಾನ ಅಂವ?... ಆಟ ಕಲೀತಾನಾ? ಯಾರ ಕಡೆ?... ಇನ್ನೊಮ್ಮೆ ಹೇಳು. ಜೋರು ಹೇಳು... ಚಿನ್ನಪ್ಪನ ಕಡೆ?"

ಚನ್ನವೀರಮ್ಮ ಕುರ್ಚಿಯ ಮೇಲೆ ಕುಸಿದು ಕೂತಳು. ಎದುರಿಗಿದ್ದ ಲೆಕ್ಕದ ಹಂಪಯ್ಯ ಮೆಲ್ಲಗೆ ಮಸಿಕುಡಿಕೆಯನ್ನು ತನ್ನ ಕಡೆ ಎಳೆದುಕೊಂಡ. ಈಕೆ ಸಿಟ್ಟಿನಲ್ಲಿ ಏನನ್ನು ಎತ್ತಿ ಒಗೆಯುತ್ತಾಳೋ ಹೇಳಲಾಗದು.

"ಮನಿಗೆ ಮಾರಿ, ಊರಿಗೆ ಉಪಕಾರಿ! ಒಂದೇ ತಾಯಿ ಹಾಲು ಕುಡದೀವೇನಲೇ ನಾವು? ಆರು ತಿಂಗಳು ನಾನು ಹಲ್ಲು ಕಡಕೊಂತ ಕುಂತೀನಿ, ನೀವು ಅಂವನ ಬಾಗಲಿಗೆ ಹೋಗಿ ನಿಂತ್ರ್ಯಾ?... ಅಂವನೇ ಬಂದಿದ್ನಾ? ಬಸ್ ಹತ್ತಿ ಕುರುಗೋಡಿಗೆ? ಬಂದ್ರ ಬರಲಿ, ನಾಯಿ ಬಿಡಬೇಕಿತ್ತು! ಅರ್ಜಿ ಹರದು ಒಗಿ. ಅಂವ ಕಲಿಸಿದ ಆಟ ನನಗ ಬ್ಯಾಡ... ಹರಿ ಅಂದ್ರ ಹರಿ!... ಏನ್ರಿ? ನೀವ್ಯಾರು?... ಮೂರು ನಿಮಿಷ ಆತಾ? ಇನ್ನ ಮೂರು ಕೊಡ್ರೆಮ್ಮಾ. ಬೈಯೋದು ಮುಗಿದಿಲ್ಲ."

...

"ಹಾಂ, ಅದೀನಿ, ಹೇಳು... ತಪ್ಪಾತು ಅಂದ್ನಾ? ಯಾರ ಮುಂದ?... ಹುಡುಗನ ಒಬ್ಬನ ಮುಂದ! ಸಾವಿರ ಮಂದಿ ಎದುರು ಅಳೆದಾಂವ ಸಾವಿರ ಮಂದಿ ಎದುರೇ ಅನ್ನಬೇಕು, ಹೌದಿಲ್ಲೋ?... ಗಂಟು ಬಿಚ್ಚಿಸಿ ಮತ್ತ ಅಳೆದ್ನಾ? ಎಷ್ಟು ಬಂತು?... ಕಮ್ಮೀನಾ? ನಾಲ್ಕು ತಿಂಗಳು ಬೆಳೆದ ಮ್ಯಾಲೂ ಅರ್ಧ ಅಂಗುಲ ಕಮ್ಮೀನಾ?"

ಚನ್ನವೀರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಈ ಒಂದು ಮಾತನ್ನು ಆ ಮನುಷ್ಯನ ಬಾಯಿಂದ ಹೊರಡಿಸಬೇಕೆಂದು ಆರು ತಿಂಗಳು ನಿದ್ದೆಗೆಟ್ಟಿದ್ದಳು. ಈಗ ಕೇಳಿ ಅಳು ಬಂತು. ಅಳು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

"ಕೂದಲಾ? ಕೂದಲಿಗೇನಾತು?... ತೆಗಿಸಿದ್ರಾ? ಹರಕಿ ಮುರದ್ರಾ? ಮರಿಬಸ ಅಲ್ಲೇ ಅದಾನೇನು?... ನಿನಗ ಬುತ್ತಿ ತಂದಾನಾ? ಕೊಡು ಅಂವನ ಕೈಗೆ."

...

"ಮರಿಬಸಾ?... ಉಂಡಿಯಾ?... ಚಲೋ ಆತು. ಈಗ ಬೈಸ್ಕೋ. ಯಾರನ್ನ ಕೇಳಿ ಮುಡಿ ಕೊಟ್ಟಿ? ಚಿನ್ನಪ್ಪಗ ಗೋಲು ಹೊಡದ ಮ್ಯಾಲ ಅಂತ ಬಸವಣ್ಣನ ಮುಂದ ಹೇಳಿರಲಿಲ್ಲಾ?... ಹೊಡದೀಯಾ? ಎಲ್ಲಿ ಹೊಡದಿ?... ಕಲಿಸೋ ಮುಂದ ಹೊಡದದ್ದು ಗೋಲೇನಲೇ? ಪಂದ್ಯದಾಗ ಹೊಡೀಬೇಕು... ನಾನು ಪಂದ್ಯ ಅನ್ಲಿಲ್ಲಾ?"

ಅಂದಿರಲಿಲ್ಲ. ಆವತ್ತಿನ ಆವೇಶದಲ್ಲಿ ಗೋಲು ಎಂದಿದ್ದಳು, ಅಷ್ಟೇ. ಬಸವಣ್ಣನೂ ಅಷ್ಟನ್ನೇ ಕೇಳಿಸಿಕೊಂಡಿರಬೇಕು. ದೇವರೆದುರು ವಕೀಲಿ ಮಾಡುವ ಮಗನನ್ನು ಹೆತ್ತದ್ದಕ್ಕೆ ತನ್ನನ್ನೇ ಬೈದುಕೊಂಡಳು, ಒಳಗೊಳಗೇ ಸ್ವಲ್ಪ ಬೀಗಿದಳು ಕೂಡ.

"ದಿನಾ ಹತ್ತು ಚೆಂಡು ಹೊಡಸ್ತಾನಾ? ಅಂವನೇ ಗೋಲಿನ್ಯಾಗ ನಿಂತು?... ಹತ್ತಕ್ಕ ಎಷ್ಟು ಹೋಗ್ತಾವು?... ಆರು! ಬೂಟು ಹಾಕ್ಕೊಂಡಾ?... ಮತ್ತ ಅಂವ? ಹಿಡಿಯಾಕ ಬೀಳ್ತಾನಾ? ಉದ್ದಕ್ಕ ಬೀಳ್ತಾನಾ, ಬರೇ ಕುಂದರ್ತಾನಾ?... ಉದ್ದಕ್ಕ. ಬಾಯಾಗ ಮಣ್ಣು ಹೋಗ್ತೈತಾ?... ಸರಿ ನೋಡಿ ಹೇಳಲೇ, ಹೋಗ್ತೈತಾ?... ನಲವತ್ತು ದಿನಾನೂ?"

ದಸರಾದ ಒಂದೇ ಒಂದು ಗೋಲಿಗಾಗಿ ಬಾಯಿ ಬಿಟ್ಟುಕೊಂಡು ಕೂತವಳಿಗೆ ಹೋಳಿಗೆಯ ಬುಟ್ಟಿಯೇ ಸಿಕ್ಕಂತಾಯಿತು. ದಿನಕ್ಕೆ ಆರು ಸಲ ಆ ಮನುಷ್ಯ ಮಗನ ಕಾಲಬುಡದ ಮಣ್ಣು ಮುಕ್ಕಿದ್ದಾನೆ, ಯಾರ ಬಲವಂತವೂ ಇಲ್ಲದೆ! ಚನ್ನವೀರಮ್ಮನಿಗೆ ಹಿಗ್ಗೋ ಹಿಗ್ಗು. ಆದರೆ ಬಿದ್ದವನು ಪ್ರತಿ ಸಲವೂ ಎದ್ದು ಚೆಂಡನ್ನು ಮತ್ತೆ ಮಗನಿಗೇ ತಂದುಕೊಟ್ಟಿರಬೇಕಲ್ಲ ಎಂಬುದೂ ಹೊಳೆಯಿತು. ಅದು ಮಾತ್ರ ಅವಳಿಗೆ ಅಷ್ಟು ಹಿಡಿಸಲಿಲ್ಲ.

"ಇವತ್ತೂ ಆಡಿ ಬಂದ್ಯಾ?... ಇಲ್ಲಾ? ಯಾಕ?... ಅಂವನ ಮೊಳಕಾಲು ಬಾತೈತಾ? ಬಿದ್ದು ಬಿದ್ದೂ?... ನಿಲ್ಲಾಕೂ ಬರವಲ್ದಾ?"

...

...

"ಹಾಂ, ಅದೀನಿ, ಅದೀನಿ. ಕೇಳಿಲ್ಲಿ. ಅರ್ಜಿ ಹರಿಬ್ಯಾಡ ಅನ್ನು ಮಾವಗ, ಇವತ್ತೇ ಕೊಡಲಿ. ನೀನು ಮನಿಗೆ ಹೋಗಿ ಔಡಲೆಣ್ಣಿ ಬೆಚ್ಚಗ ಮಾಡ್ಕೊಂಡು ಆ ಚಿನ್ನಪ್ಪನ ಮನಿಗೆ ಹೋಗು. ಮೊಳಕಾಲಿಗೆ ತಿಕ್ಕು. ನೀನೇ ತಿಕ್ಕು, ದಿನಾ... ಕರುಣಾ? ಯಾವ ಕರುಣಾನಲೇ? ಅಂವ ದಸರಾಕ್ಕ ಗೋಲಿನ್ಯಾಗ ನಿಲ್ಲಲಿಲ್ಲಂದ್ರ ಸಾವಿರ ಮಂದಿ ಎದುರು ಬೀಳೋರು ಯಾರು, ನಾನಾ? ಬೀಳಾಕಾದ್ರೂ ಅಂವ ಮದಲು ನಿಂತಿರಬೇಕಲ್ಲೋ!... ಹೂಂ, ದಿನಾ ಎರಡು ಹೊತ್ತು. ಮತ್ತ ಎಣ್ಣಿ ಕೈಗೆ ಹಚ್ಕೊಂಡು ನೋಡು, ಭಾಳ ಸುಡಬಾರದು. ಮೆತ್ತಗ ತಿಕ್ಕು, ಕೇಳ್ತಾ? ಒತ್ತಬ್ಯಾಡ, ಅಂವಗ ನೋವಾಗಬಾ..."

ಲೈನು ಕಡಿದುಹೋಯಿತು.